ಬೆಂಡೆಕಾಯಿ ಬೇಯಿಸಿದ ದಿನದ ಕದನ

ಯುದ್ಧದ ಕಥೆಯನ್ನು ಎಲ್ಲಿಂದ ಶುರುಮಾಡಬೇಕು? ಮೊದಲ ಗುಂಡಿನಿಂದ ಎನ್ನುತ್ತವೆ ಪುಸ್ತಕಗಳು. ಸರಿ, ಚಿನ್ಹೋಯಿ. ಜಿಂಬಾಬ್ವೆಯ ಬಿಡುಗಡೆಯ ಹೋರಾಟ ಅಲ್ಲಿಂದ ಎಂದು ಮಕ್ಕಳೂ ಬಲ್ಲರು. ಹೆಲಿಕಾಪ್ಟರ್ ಸದ್ದು, ಹುಲ್ಲಿನಲ್ಲಿ ಅಡಗಿದ ನಮ್ಮ ಹುಡುಗರು...

"ನೀನು ಅಲ್ಲಿದ್ಯಾ?" ಎಂದಳು ಎರಿನಾ. (ನೆರೆಮನೆಯವಳು, ಈ ಕಥೆಯ ನಾಯಕಿ. ನಾನು ಬರೆಯುವಾಗ ಎದುರಿಗೇ ಕೂತು ಸೊಪ್ಪು ಬಿಡಿಸುತ್ತಾಳೆ. ನಾಯಕಿಯರನ್ನು ಇಷ್ಟು ಹತ್ತಿರದಲ್ಲಿ ಆರಿಸಬಾರದು.)

"ಇಲ್ಲ."

"ನಾನೂ ಇರ್ಲಿಲ್ಲ. ಹೊಡಿ ಗೀಟು."

ಹೊಡೆದೆ.

೨
ಮಾವೊಂಡೆ. ಅದೇ ಯುದ್ಧದ, ಬೆಟ್ಟದ ಮೇಲಿನ ದೊಡ್ಡ ಕದನ. ಈ ಡ್ರಾಫ್ಟು ಚೆನ್ನಾಗಿದೆಯೆಂದು ನನಗೇ ಅನ್ನಿಸಿತ್ತು. ಎರಿನಾ ಕೇಳಿ ಆಕಳಿಸಿದಳು. "ಅಷ್ಟು ಜನ ಹೊಡೆದಾಡಿದ್ರಲ್ಲ, ಊಟಕ್ಕೇನು ಮಾಡಿದ್ರು?"

ಅದು ನನ್ನ ಡ್ರಾಫ್ಟಿನಲ್ಲಿ ಇರಲಿಲ್ಲ.

೩
ಹಾಗಾದರೆ, ಯಾವ ಪುಸ್ತಕದಲ್ಲೂ ಇಲ್ಲದ, ಸಾವೆ ನದಿಯ ದಂಡೆಯ ಕದನ. ಅಲ್ಲ, ಅದರ ಹಿಂದಿನ ಮಧ್ಯಾಹ್ನ.

ಎರಿನಾ ಆಗ ಹೊಸ ಸೊಸೆ. ಯುದ್ಧ ಇನ್ನೂ ಮುಟ್ಟದ ಊರಿನಿಂದ ಬಂದವಳು. ಅತ್ತೆ ಹೊಲಕ್ಕೆ ಹೋಗಿದ್ದಾಗ ಕಾಡಿನಲ್ಲಿ ಅಡಗಿದ್ದ ಹೋರಾಟದ ಹುಡುಗರು ಹಸಿದು ಬಂದರು. ತನಗೆ ಬರುತ್ತಿದ್ದ ಒಳ್ಳೆಯ ಅಡುಗೆಯನ್ನೇ ಮಾಡಿದಳು: ಮೆಕ್ಕೆಜೋಳದ ಹಿಟ್ಟಿನ ಸಾಡ್ಜಾ ಮುದ್ದೆ, ಬೆಂಡೆಕಾಯಿ ಗೊಜ್ಜು. ಹೋರಾಟಗಾರರು ಬೆಂಡೆ ಮುಟ್ಟಬಾರದು, ಲೋಳೆ ತಿಂದವನ ಕಾಲು ಕದನದಲ್ಲಿ ಜಾರುತ್ತದೆ ಎಂಬುದು ಪೂರ್ವಿಕರ ಆತ್ಮಗಳ ಕಟ್ಟಪ್ಪಣೆ. ಅವಳಿಗೆ ಯಾರೂ ಹೇಳಿರಲಿಲ್ಲ. ಬಡಿಸಿದವಳನ್ನು ಮಾಟಗಾತಿ ಎನ್ನುತ್ತಿದ್ದರು. ಹಾಗನ್ನಿಸಿಕೊಂಡು ಬದುಕಿದವರು ಕಡಿಮೆ. (ಈ ಸಾಲನ್ನು ಮೆಲ್ಲಗೆ ಬರೆದೆ.)

ಮಡಕೆಯ ಮುಚ್ಚಳ ತೆಗೆದವನು ಶುಂಗು. (ಅದು ಯುದ್ಧಕ್ಕೆಂದು ಇಟ್ಟುಕೊಂಡ ಹೆಸರು.) ಒಳಗೆ ನೋಡಿದ. ಅವಳ ಮುಖ ನೋಡಿದ. ಮಡಕೆ ಎತ್ತಿಕೊಂಡು ಗುಡಿಸಲ ಹಿಂದೆ ಹೋಗಿ ಅಷ್ಟನ್ನೂ ಒಬ್ಬನೇ ತಿಂದು, ಬೂದಿ ಹಾಕಿ ಉಜ್ಜಿಟ್ಟ. (ಚೆಲ್ಲಬಹುದಿತ್ತಲ್ಲ ಎನ್ನುತ್ತೀರಿ. ಚೆಲ್ಲಿದ್ದು ಕಾಣುತ್ತದೆ, ತಿಂದದ್ದು ಕಾಣುವುದಿಲ್ಲ.)

"ಥೂ ಹೊಟ್ಟೆಬಾಕ! ನಮಗೆ ಬರೀ ಮುದ್ದೇನಾ?" ಎಂದರು ಉಳಿದವರು.

"ತಡೆಯಕ್ಕಾಗ್ಲಿಲ್ಲ ಕಣ್ರಪ್ಪಾ," ಎಂದ.

ಮರುದಿನ ಹುಡುಗರು ಗೆದ್ದರು. ಸತ್ತವನು ಅವನೊಬ್ಬನೇ.

೪
ಇಂದು ಶುಂಗುವಿನ ಅಕ್ಕ ಸಾರುದ್ಜಾಯಿ ಬರುತ್ತಾರೆ. ಅವನು ಬಿದ್ದ ಜಾಗ ಅವರಿಗೆ ಈಗಷ್ಟೇ ತಿಳಿದಿದೆ. ಅಲ್ಲಿಯ ಹಿಡಿ ಮಣ್ಣು ಒಯ್ದು ಆತ್ಮವನ್ನು ಮನೆಗೆ ಕರೆಸಿಕೊಳ್ಳಬೇಕು. ಊಟ ಎರಿನಾಳ ಮನೆಯಲ್ಲಿ. ಆ ಮಡಕೆಯ ವಿಷಯ ಗೊತ್ತಿರುವುದು ಅವಳಿಗೆ, ನನಗೆ, ಈಗ ನಿಮಗೆ.

ಬೆಳಗಿನಿಂದ ಅವಳು ತೊಳೆದ ಸೊಪ್ಪನ್ನೇ ಮತ್ತೆ ತೊಳೆಯುತ್ತಿದ್ದಾಳೆ. ಪಾಪ ಎನಿಸಿ ಕೆಲವು ಕ್ಲೈಮ್ಯಾಕ್ಸ್ ಕೊಟ್ಟೆ. ಅಂದು ನೀನು ಕುಂಬಳದ ಸೊಪ್ಪು ಬೇಯಿಸಿದೆ; ಶುಂಗು ಈಗ ಹಲ್ಲುದುರಿದ ಮುದುಕ, ನಮ್ಮಿಬ್ಬರಿಗೂ ತಲೆನೋವು.

ನಕ್ಕಳು. "ಚೆನ್ನಾಗಿದೆ. ಸುಳ್ಳು."

ಇನ್ನೊಂದು ಕೊಟ್ಟೆ: ಏನೂ ಹೇಳಬೇಡ, ಅಕ್ಕ ಉಂಡು, ಹರಸಿ ಹೋಗುತ್ತಾರೆ.

"ನಲವತ್ತು ವರ್ಷದಿಂದ ಅದೇ ಕಥೆ ನಡೀತಿದೆಯಲ್ಲೇ."

"ಗುಂಡಿಗೆ ಬೆಂಡೆಕಾಯಿ ಗೊತ್ತಾಗಲ್ಲ ಕಣೇ," ಎಂದೆ ಕೊನೆಗೆ. (ಕಾಲೇಜು ಓದಿದ್ದೇನೆ, ಹೀಗೆ ಮಾತಾಡುತ್ತೇನೆ.)

"ಗುಂಡಿಗೆ ಗೊತ್ತಿಲ್ದೆ ಇರ್ಬೋದು. ನಂಗೊತ್ತಲ್ಲ."

೫
ಸಾರುದ್ಜಾಯಿ ಅಕ್ಕ ಹೊಸ್ತಿಲಲ್ಲಿ ವಂದನೆಗೆಂದು ಮೆಲ್ಲಗೆ ಚಪ್ಪಾಳೆ ತಟ್ಟಿ, ಒಳಬಂದು ಚಾಪೆಯ ಮೇಲೆ ಕುಳಿತರು. ಕೈಗೆ ನೀರು ಹಾಕಲು ನಾನು ಜಗ್ಗು ಎತ್ತಿದೆ.

"ತಾಳಿ ಅಕ್ಕಾ," ಎಂದಳು ಎರಿನಾ. "ಮೊದಲು ಒಂದು ಮಾತು. ಕೇಳಿದ್ಮೇಲೆ ನನ್ನ ಮನೇಲಿ ಉಣ್ಣೋದು, ಬಿಡೋದು ನಿಮ್ಮಿಷ್ಟ."

ಹೇಳಿದಳು, ಮುಚ್ಚಳದಿಂದ ಬೂದಿಯವರೆಗೆ. ನನ್ನ ಒಂದು ಪದವನ್ನೂ ಎರವಲು ಪಡೆಯಲಿಲ್ಲ.

ಅಕ್ಕ ಕೇಳಿದರು: "ಹೊಟ್ಟೆಬಾಕ ಅಂದ್ರಾ ಅವನ್ನ?"

"ಅಂದ್ರು ಅಕ್ಕಾ."

"ತನ್ನ ತಟ್ಟೇದನ್ನ ನಮಗೆ ಹಾಕ್ತಿದ್ದ ಹುಡುಗ."

ಅವರ ಕೈಗಳು ಇನ್ನೂ ಮಡಿಲಲ್ಲಿವೆ. ಎರಿನಾ ತಲೆ ಎತ್ತಿಲ್ಲ. ಜಗ್ಗು ಎತ್ತಿ ಹಿಡಿದು ನಾನು ನಿಂತಿದ್ದೇನೆ. ಒಂದೇ ಸಾಲು ಬರೆದು ಆ ಕೈಗಳನ್ನು ಚಾಚಿಸಿಬಿಡು ಎನ್ನುತ್ತೀರಿ ನೀವು, ನನಗೂ ಆಸೆಯಿದೆ. ಬರೆಯಲಾರೆ. ಅವು ಅವರ ಕೈಗಳು.