ಫ್ಲೂ ಫ್ರೆಂಡ್

ಎರಡು ಸಾವಿರದ ಒಂಬತ್ತರ ಆ ಜುಲೈನಲ್ಲಿ ಡಾಕ್ಟರ್ ನೀರಜಾ ಒಂದು ಕಡೆ ಕೂತದ್ದನ್ನು ಕಂಡವರಿಲ್ಲ. ಹಂದಿಜ್ವರ ಬರ್ಮಿಂಗ್‌ಹ್ಯಾಮನ್ನು ಹೊಕ್ಕಿತ್ತು. ಪಕ್ಕದ ಸೊಲಿಹಲ್‌ನಲ್ಲಿ ಅವಳು ಜಿಪಿಯಾಗಿದ್ದ ಸರ್ಜರಿಯ, ಅಂದರೆ ಅಲ್ಲಿಯ ಕ್ಲಿನಿಕ್ಕಿನ, ಫೋನುಗಳಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಜ್ವರದವರು ಯಾರೂ ಸರ್ಜರಿಗೆ ಬರಕೂಡದು, ಫೋನಿನಲ್ಲೇ ವಿಚಾರಿಸಿ ಟ್ಯಾಮಿಫ್ಲೂ ಮಾತ್ರೆ ಕೊಡಬೇಕು, ರೋಗಿಯ ‘ಫ್ಲೂ ಫ್ರೆಂಡ್’ ಒಬ್ಬರು ಅದನ್ನು ತಂದು ಹೊಸ್ತಿಲಲ್ಲಿಟ್ಟು ದೂರ ಸರಿಯಬೇಕು ಎಂದು ಮೇಲಿನವರ ಅಪ್ಪಣೆ. ಸ್ನೇಹಕ್ಕೂ ಸರ್ಕಾರವೇ ಹೆಸರಿಟ್ಟ ಕಾಲ ಅದು. ನೀರಜಾ ನಿಂತೇ ಫೋನು ಹಿಡಿದು ಅವೇ ಪ್ರಶ್ನೆಗಳನ್ನು ಬಾಯಿಪಾಠದಂತೆ ಒಪ್ಪಿಸುತ್ತಿದ್ದಳು: ಜ್ವರ ಎಷ್ಟು, ಕೆಮ್ಮಿದೆಯೇ, ಉಸಿರು ಕಟ್ಟುತ್ತದೆಯೇ, ಈಚೆಗೆ ವಿದೇಶಕ್ಕೆ ಹೋಗಿದ್ದಿರೇ?

ಆಬಿದಾಳಿಗೆ ಮಾತ್ರ ಒಂದನ್ನೂ ಕೇಳಲಿಲ್ಲ. ಗೆಳತಿಯನ್ನು ಯಾರಾದರೂ ಹಾಗೆ ವಿಚಾರಣೆ ಮಾಡುತ್ತಾರೆಯೇ?

ಆಬಿದಾ ಬರ್ಮಿಂಗ್‌ಹ್ಯಾಮಿನ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರು, ರಾಯಚೂರಿನವಳು. ನೀರಜಾ ಮಂಗಳೂರಿನವಳು. ಊರಿನಲ್ಲೇ ಇದ್ದಿದ್ದರೆ ಒಬ್ಬರ ಮುಖ ಒಬ್ಬರು ಕಾಣುತ್ತಿರಲಿಲ್ಲ. ಇಲ್ಲಿ ಎಷ್ಟೋ ವರ್ಷದಿಂದ ಇಬ್ಬರ ಮನೆಗಳ ನಡುವೆ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿತ್ತು. ಇವಳು ಸಾರು ಕೊಟ್ಟರೆ ಅವಳು ಖೀರು ತುಂಬಿ ಕಳಿಸುವಳು. ಡಬ್ಬಿ ಖಾಲಿ ಹಿಂತಿರುಗಿಸುವುದು ಇಬ್ಬರ ಮನೆಯಲ್ಲೂ ಮಹಾಪರಾಧ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರಲೇಬೇಕು.

“ಮೈಯೆಲ್ಲ ನೋವು ಕಣೇ ನೀರಜಾ. ಚಳಿ ಬಿಡ್ತಾನೇ ಇಲ್ಲ. ತಾಜುದ್ದೀನ್ ಬೇರೆ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದಾರೆ,” ಎಂದಳು ಆಬಿದಾ ಫೋನಿನಲ್ಲಿ, ಗಂಡನಿಲ್ಲದ ಮನೆಯಿಂದ.

“ನಿನ್ನ ವಾರ್ಡಲ್ಲಿ ಅರ್ಧ ಜನಕ್ಕೆ ಇದೇ ಅಂತ ನೀನೇ ಹೇಳಿದ್ಯಲ್ಲ. ಸುಮ್ನೆ ಮಲಗು. ಮಾತ್ರೆ ನಾನೇ ತರ್ತೀನಿ.”

“ಡಾಕ್ಟರೂ ನೀನೇ, ಫ್ಲೂ ಫ್ರೆಂಡೂ ನೀನೇನಾ?” ಆಬಿದಾ ನಕ್ಕಳು. ಆ ನಗು ಅರ್ಧಕ್ಕೇ ನಿಂತದ್ದು ನೀರಜಾಳ ಕಿವಿಗೆ ಬೀಳಲಿಲ್ಲ. ಅಷ್ಟರಲ್ಲಿ ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು.

ಸಂಜೆ ಮಾತ್ರೆಯ ಪೊಟ್ಟಣವನ್ನೂ ಮೆಣಸಿನ ಸಾರಿನ ಡಬ್ಬಿಯನ್ನೂ ಹೊಸ್ತಿಲಲ್ಲಿಟ್ಟು, ಬೆಲ್ ಒತ್ತಿ, ನಿಯಮದಂತೆ ಹಿಂದೆ ಸರಿದು ನಿಂತಳು. ಮಹಡಿಯ ಕಿಟಕಿಯಲ್ಲಿ ಆಬಿದಾ ಕೈಬೀಸಿದಳು. ಇವಳೂ ಬೀಸಿ ಕಾರು ಹತ್ತಿದಳು. ಮನಸ್ಸಿಗೆ ಏನೋ ಕಸಿವಿಸಿ, ಆದರೆ ಆ ತಿಂಗಳು ಕಸಿವಿಸಿಯಿಲ್ಲದ ಗಳಿಗೆಯಾದರೂ ಯಾವುದಿತ್ತು?

ಮರುದಿನ ಮಧ್ಯಾಹ್ನ ಹೋದಾಗ ಡಬ್ಬಿ ಹೊಸ್ತಿಲಿಗೆ ವಾಪಸು ಬಂದಿತ್ತು, ಮುಚ್ಚಳ ಹಾಕಿಕೊಂಡು; ಮಾತ್ರೆಯ ಪೊಟ್ಟಣ ಇರಲಿಲ್ಲ. ಬೆಲ್ಲಿಗೆ ಉತ್ತರವಿಲ್ಲ. ಮಲಗಿರಬೇಕು ಅಂದುಕೊಂಡು ಡಬ್ಬಿ ಎತ್ತಿ ಪಕ್ಕದ ಸೀಟಿನಲ್ಲಿಟ್ಟಳು. ಇಂಥ ಜ್ವರದಲ್ಲೂ ತುಂಬಿಸಿಟ್ಟಿದ್ದಾಳಲ್ಲ ಮಹಾರಾಯ್ತಿ ಎಂದು ನಗುವೂ ಬಂತು. ಮೊದಲ ತಿರುವಿನಲ್ಲಿ ಡಬ್ಬಿ ಗಲಗಲ ಅಂದಿತು. ಸಕ್ಕರೆ ಹಾಗೆ ಸದ್ದು ಮಾಡುವುದಿಲ್ಲ. ಕಾರು ಬದಿಗೆ ನಿಲ್ಲಿಸಿ ಮುಚ್ಚಳ ತೆಗೆದಳು.

ತೊಳೆಯದ ಡಬ್ಬಿ. ತಳದಲ್ಲಿ ಒಣಗಿದ ಸಾರು. ಅದರ ಮೇಲೆ ಟ್ಯಾಮಿಫ್ಲೂ ಮಾತ್ರೆಗಳು, ಒಂದನ್ನೂ ಬಿಡಿಸಿರಲಿಲ್ಲ. ಜೊತೆಗೆ ಮನೆಯ ಬೀಗದ ಕೈ.

ಮೈಮೇಲೆ ಎಚ್ಚರವಿಲ್ಲದಿದ್ದರೂ ಖಾಲಿ ಕೊಡಬಾರದೆಂಬುದೊಂದು ನೆನಪಿದ್ದು, ಕೈಗೆ ಸಿಕ್ಕಿದ್ದನ್ನು ತುಂಬಿಸಿದ್ದಾಳೆ! ನೀರಜಾ ಕಾರು ತಿರುಗಿಸಿದಳು. ನಿಯಮ ಮೂಲೆಗೆ ಬಿತ್ತು. ಅದೇ ಬೀಗದ ಕೈಯಿಂದ ಬಾಗಿಲು ತೆರೆದು ಒಳಗೆ ನುಗ್ಗಿದಳು.

ಆಬಿದಾ ಮೆಟ್ಟಿಲ ಮೇಲೆ ಗೋಡೆಗೊರಗಿ ಕೂತಿದ್ದಳು. ಮೈ ಕೆಂಡ, ಕಣ್ಣು ಹಳದಿ. ನೀರಜಾಳನ್ನು ರಾಯಚೂರಿನ ತನ್ನ ಅಕ್ಕನೆಂದೇ ತಿಳಿದು, “ಆಪಾ, ಗಾಡಿ ಆಯೀ ಕ್ಯಾ?” ಎಂದು ಗಾಡಿ ಬಂತೇ ಎಂದು ವಿಚಾರಿಸಿದಳು.

ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಹಾಸಿಗೆಗಳ ತುಂಬ ಜ್ವರದವರೇ. ಮಾಸ್ಕಿನ ಹಿಂದಿನಿಂದ ಒಬ್ಬ ಎಳೆಯ ಡಾಕ್ಟರು ಸರಸರನೆ ಕೇಳುತ್ತ ಹೋದ. ಕೆಮ್ಮು? ಇಲ್ಲ. ಗರ್ಭಿಣಿಯೇ? ಅಲ್ಲ. ಈಚೆಗೆ ವಿದೇಶಕ್ಕೆ ಹೋಗಿದ್ದರೇ?

“ಇಲ್ಲ,” ಎಂದಳು ನೀರಜಾ, ಯೋಚಿಸದೆ.

ಅವನು ತಲೆಯಾಡಿಸಿ ಪಕ್ಕದ ಹಾಸಿಗೆಯತ್ತ ತಿರುಗಿದ. ಆಗ ಅವಳಿಗೆ ಥಟ್ಟನೆ ಹೊಳೆಯಿತು. ಜೂನಿನಲ್ಲಿ ಆಬಿದಾ ಅಕ್ಕನ ಮಗಳ ಮದುವೆಗೆಂದು ರಾಯಚೂರಿಗೆ ಹೋಗಿ ಬಂದಿದ್ದಳು. ಹೊರಡುವ ಮುಂಚೆ, “ಮಲೇರಿಯಾ ಮಾತ್ರೆ ಬೇಕೇನೇ?” ಎಂದು ನೀರಜಾಳೇ ಕೇಳಿದ್ದಳು. “ಅಮ್ಮೀ ಮನೆಗೆ ಹೋಗೋಕೆ ಮಾತ್ರೆನಾ?” ಅಂದಿದ್ದಳು ಆಬಿದಾ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಗೋವಾಕ್ಕೆ ಹೊರಟ ಬಿಳಿಯರಿಗೆ ಇದೇ ಮಾತ್ರೆಯ ಬಗ್ಗೆ ಉದ್ದುದ್ದ ಉಪನ್ಯಾಸ ಬಿಗಿಯುತ್ತಿದ್ದವರು!

“ನಿಲ್ಲಿ!” ನೀರಜಾ ಅವನ ತೋಳು ಹಿಡಿದೇಬಿಟ್ಟಳು. “ತವರಿಗೆ ಹೋಗಿದ್ದಳು. ಇಂಡಿಯಾಕ್ಕೆ. ಮಲೇರಿಯಾಕ್ಕೆ ರಕ್ತ ನೋಡಿ. ಈಗಲೇ!”

ರಕ್ತದ ತುಂಬ ಅದೇ ಇತ್ತು. ಆಬಿದಾಳನ್ನು ಇಂಟೆನ್ಸಿವ್ ಕೇರ್‌ಗೆ ಒಯ್ದರು. ನೀರಜಾ ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗಿದಳು, ಕೂತಳು, ಎದ್ದಳು, ಮತ್ತೆ ತಿರುಗಿದಳು. ತಾನೇ ಇವಳನ್ನು ಕೊಲ್ಲುತ್ತಿದ್ದೆನಲ್ಲ ಎಂಬ ಒಂದೇ ಮಾತು ಅವಳ ಹಿಂದೆಯೇ ಸುತ್ತುತ್ತಿತ್ತು. ಅಂತೂ ಜೀವ ಉಳಿಯಿತು.

ಆಬಿದಾ ಮನೆಗೆ ಬಂದ ದಿನ ನೀರಜಾ ಡಬ್ಬಿಗೆ ಸಾರು ತುಂಬಿ ಬಾಗಿಲಲ್ಲೇ ತಾಜುದ್ದೀನರ ಕೈಗೆ ಕೊಟ್ಟು, ಒಳಗೆ ಕಾಲಿಡುವ ಧೈರ್ಯವಿಲ್ಲದೆ ಬಂದುಬಿಟ್ಟಳು. ಆಮೇಲೆ ಫೋನಿನಲ್ಲಿ ತಪ್ಪೊಪ್ಪಿಕೊಂಡಳು. ವಿದೇಶ ಅಂದಾಗ ‘ಇಲ್ಲ’ ಎಂದದ್ದನ್ನೂ ಮುಚ್ಚಿಡಲಿಲ್ಲ. ಆ ಕಡೆಯಿಂದ, “ಆಯ್ತು ಬಿಡು,” ಎಂದಷ್ಟೇ ಬಂತು. ಬಿಡು ಅಂದರೆ ಬಿಡುವುದು ಹೇಗೆ? ಆಗಸ್ಟ್ ಕಳೆಯಿತು, ಎಲೆ ಉದುರಿತು, ಡಬ್ಬಿ ಬರಲಿಲ್ಲ. ಅಡುಗೆಮನೆಯ ಶೆಲ್ಫಿನಲ್ಲಿ ಅದು ಇರುತ್ತಿದ್ದ ಜಾಗಕ್ಕೆ ಇನ್ನೊಂದು ಡಬ್ಬಿ ಇಡಲು ನೀರಜಾಳ ಗಂಡ ರಾಜಶೇಖರ ಹೋದಾಗ ಸುಮ್ಮಸುಮ್ಮನೆ ಬೈಸಿಕೊಂಡ.

ಡಿಸೆಂಬರಿನಲ್ಲಿ ಮಂಗಳೂರಿಗೆ ಹೊರಡಲು ಸೂಟ್‌ಕೇಸ್ ತುಂಬುತ್ತಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ಆಬಿದಾ. ಇಳಿದುಹೋಗಿದ್ದಳು, ಕೋಟು ಹೆಗಲಿಂದ ಜಾರುತ್ತಿತ್ತು. ಕೈಯಲ್ಲಿ ಡಬ್ಬಿ.

“ಫಾರಿನ್ನಿಗೆ ಹೊರಟಿದ್ದೀಯಂತೆ?” ಎಂದಳು.

ನೀರಜಾ ಡಬ್ಬಿ ತೆಗೆದು ನೋಡಿದರೆ ಮಲೇರಿಯಾ ಮಾತ್ರೆಗಳು.

“ನೋಡ್ತಾ ನಿಂತ್ಕೋಬೇಡ. ಒಂದನ್ನ ನನ್ನೆದುರಿಗೇ ನುಂಗು.”

ನೀರಜಾ ಒಂದನ್ನು ಬಿಡಿಸಿ, ನೀರೂ ಇಲ್ಲದೆ ಬಾಯಿಗೆ ಹಾಕಿಕೊಂಡಳು. ಆಬಿದಾ ಗೊಣಗುತ್ತ ನೇರ ಅಡುಗೆಮನೆಗೆ ನಡೆದು, ಲೋಟ ಎಲ್ಲಿದೆಯೆಂದು ಕೇಳದೆಯೇ ನೀರು ತಂದುಕೊಟ್ಟಳು.