ಬಲ ಎಂಬ ಕರೆ

ಮುಳ್ಳೇರಿಯ ಪೇಟೆಯ ಬೇಕರಿಯೊಂದರ ಮಾಳಿಗೆಯಲ್ಲಿ ಪಂಕಜಾಕ್ಷಿಯ ಬಾಡಿಗೆ ಕೋಣೆ. ಬೆಳಗ್ಗೆ ಏಳು ಹೊಡೆಯುವ ಮೊದಲೇ ಅವಳು ಹೊಲಿಗೆ ಮೆಷಿನಿನ ಮೇಲೆ ಮೊಬೈಲನ್ನು ಒರಗಿಸಿ, ಸೆರಗು ಬಿಗಿದು ನಿಂತಿರುತ್ತಿದ್ದಳು. ಅರವತ್ತು ದಾಟಿದವರಿಗೆಂದು ವಾಚನಾಲಯದವರು ಶುರುಮಾಡಿದ ಆನ್‌ಲೈನ್ ವ್ಯಾಯಾಮದ ಕ್ಲಾಸು ಅದು. ಪರದೆಯ ತುಂಬ ಪುಟ್ಟ ಚೌಕಗಳು, ಒಂದೊಂದರಲ್ಲಿ ಒಂದೊಂದು ನರೆತ ತಲೆ. ಕೆಲವರದು ಬರೀ ಸೀಲಿಂಗ್ ಫ್ಯಾನು.

ಕಲಿಸುವ ಅಶ್ಮಿತಾ ಮೈಸೂರು ಕಡೆಯಿಂದ ಕಾಸರಗೋಡಿಗೆ ಮದುವೆಯಾಗಿ ಬಂದವಳು. ಮೊದಲ ದಿನ ಕೈ ಎತ್ತುತ್ತ, "ಎಡ... ಬಲ... ಎಡ... ಬಲ..." ಎಂದದ್ದೇ ತಡ, ಪಂಕಜಾಕ್ಷಿ ಎರಡು ಹೆಜ್ಜೆ ಮುಂದೆ ನಡೆದು ಮೊಬೈಲಿಗೆ ಹಣೆ ತಾಗುವಷ್ಟು ಹತ್ತಿರ ಬಂದುಬಿಟ್ಟಳು. ತುಳುವಿನಲ್ಲಿ ಬಲ ಎಂದರೆ ಬಾ.

ಗಂಡ ಲೋಕಯ್ಯ ಆಟೋ ಓಡಿಸುತ್ತಿದ್ದ. ಮೂವತ್ತು ವರ್ಷ, ದಿನಾ ಸಂಜೆ ಅವಳ ಟೈಲರ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಂದೇ ಮಾತು: "ಬಲ." ಹೆಸರು ಹಿಡಿದು ಕರೆದವನಲ್ಲ, ಪುಣ್ಯಾತ್ಮ. ಮಕ್ಕಳಿರಲಿಲ್ಲ, ಆ ಒಂದು ಮಾತಿನಲ್ಲೇ ಸಂಸಾರ ಸಾಗಿತ್ತು. ಅವನು ಹೋಗಿ ಎರಡು ವರ್ಷ. ಈಗ ಪೇಟೆಯಲ್ಲಿ ಎಲ್ಲರೂ "ಎಂತ ಅಕ್ಕ, ಸೌಖ್ಯವಾ?" ಎನ್ನುತ್ತಾರೆ. ಬಾ ಎನ್ನುವವರು ಒಬ್ಬರೂ ಇಲ್ಲ.

ಅವಳೇನು ದಡ್ಡಿಯಲ್ಲ, ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಅದು ಬಲಗೈ ಎಂದು ಎರಡನೆಯ ದಿನವೇ ತಿಳಿದಿತ್ತು. ಆದರೂ ಕರೆದಾಗ ಹೋಗದಿರುವುದು ಹೇಗೆ? ದಿನವೂ ಮುಂದೆ ನಡೆದಳು. ಆ ಕರೆ ಕೇಳುವ ಆಸೆಗೇ ಹಾಸಿಗೆಯಿಂದ ಏಳುತ್ತಿದ್ದಳು.

ಎಂಟನೆಯ ದಿನ, ರಿಟೈರ್ಡ್ ಮಾಸ್ಟ್ರು ಮುರಳೀಕೃಷ್ಣ ತಮ್ಮ ಚೌಕದೊಳಗೆ ಬಿದ್ದು ಬಿದ್ದು ನಕ್ಕರು.

"ಟೀಚರೇ, ಅವರು ತುಳುವಿನವರು ಮಾರಾಯ್ರೆ! ನೀವು ಬಲ ಅಂದ್ರೆ ಅವರು ಬರ್ತಾ ಉಂಟು!"

ಉಳಿದವರೂ ನಕ್ಕರು. ಅಶ್ಮಿತಾಳಿಗೆ ಮಾತ್ರ ಅಯ್ಯೋ ಪಾಪ ಎನಿಸಿತು. "ಸಾರಿ ಅಮ್ಮ, ನಾಳೆಯಿಂದ ರೈಟ್, ಲೆಫ್ಟ್ ಅಂತೀನಿ."

"ಬೇಡ, ಹಾಗೇ ಹೇಳಿ," ಎಂದಳು ಪಂಕಜಾಕ್ಷಿ. ಅವಳ ಮೈಕು ಬಂದ್ ಆಗಿತ್ತು, ಯಾರಿಗೂ ಕೇಳಲಿಲ್ಲ.

ಮರುದಿನ "ರೈಟ್" ಎಂದಾಗ ಅವಳು ಬೇಕೆಂದೇ ಎಡಗೈ ಎತ್ತಿದಳು. ಹೇಗಾದರೂ ಆ ಮಾತು ವಾಪಸು ಬರಲಿ ಎಂಬ ಹಟ.

"ರೈಟ್ ಅಮ್ಮ, ರೈಟ್."

ಮತ್ತೆ ಎಡಗೈ. ಐದನೆಯ ಸಲಕ್ಕೆ ಅಶ್ಮಿತಾಳ ತಾಳ್ಮೆ ತಪ್ಪಿತು.

"ಅದಲ್ಲ ಅಮ್ಮ! ಬಲ, ಬಲ! ಆದ್ರೆ ಮುಂದೆ ಬರಬೇಡಿ. ಅಲ್ಲೇ ನಿಂತ್ಕೊಳ್ಳಿ."

ಎತ್ತಲು ಹೊರಟಿದ್ದ ಹೆಜ್ಜೆಯನ್ನು ಪಂಕಜಾಕ್ಷಿ ಹಿಂದಕ್ಕೆ ಎಳೆದುಕೊಂಡಳು. ಇದ್ದಲ್ಲೇ ನಿಂತು, ಎಲ್ಲರಂತೆ ಬಲಗೈ ಎತ್ತಿದಳು.

"ಹಾಂ, ಈಗ ಸರಿಯಾಯ್ತು ನೋಡಿ," ಎಂದಳು ಅಶ್ಮಿತಾ. ಮಾಸ್ಟ್ರು ಚಪ್ಪಾಳೆ ತಟ್ಟಿದರು.