ಬರಿದಾಗಿ ಕಳಿಸದ ಎರಡು ಫ್ಲಾಪಿ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಎಂಬತ್ತೆಂಟನೇ ಇಸವಿಯಲ್ಲಿ. ಚನ್ನಗಿರಿಯಲ್ಲಿ ಆಗ ಬೇರೆ ಯಾರ ಮನೆಯಲ್ಲೂ ಅದು ಇದ್ದಂತೆ ನಾನು ಕೇಳಿರಲಿಲ್ಲ. ನಮ್ಮ ಯಜಮಾನರು ಮಹೇಶ್ವರಪ್ಪನವರು ಅದನ್ನು ತಂದದ್ದೂ ಆ ಕಾರಣಕ್ಕೇ. ಅಡಿಕೆ ಮಂಡಿಯವರಿಗೆ ಇದೆಲ್ಲ ಯಾಕೆ ಎಂದು ಕೇಳಿದವರಿಗೆ "ಮುಂದಕ್ಕೆ ಬೇಕಾಕೈತೆ" ಎನ್ನುತ್ತಿದ್ದರು. ಮುಂದಕ್ಕೆ ಅಂದರೆ ಯಾವಾಗ ಎಂದು ಅವರಿಗೂ ಗೊತ್ತಿರಲಿಲ್ಲ. ಆಯುಧಪೂಜೆಗೆ ಅದಕ್ಕೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಬಂದವರಿಗೆಲ್ಲ ತೋರಿಸಿ, ಮತ್ತೆ ಬಟ್ಟೆ ಮುಚ್ಚಿ ಮಂಡಿಗೆ ಹೋದರು. ಆ ಬಟ್ಟೆ ತೆಗೆದು ಅದನ್ನು ಮುಟ್ಟಿ ಕಲಿತವಳು ನಾನು. ನನಗೆ ಕಲಿಸಿದವಳು ನನ್ನ ಅಕ್ಕ.

ಅಕ್ಕ ಸರ್ವಮಂಗಳಮ್ಮ ನನಗಿಂತ ಆರು ವರ್ಷ ದೊಡ್ಡವಳು. ಜಗಳೂರಿನಲ್ಲಿ ಹೈಸ್ಕೂಲ್ ವಿಜ್ಞಾನದ ಟೀಚರ್. ಭಾವ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ರಜೆಯಲ್ಲಿ ದಾವಣಗೆರೆಗೆ ಹೋಗಿ ಅಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದಳು. ಅವಳಿಗೆ ಅದು ಬೇಕಾಗಿದ್ದದ್ದು ಒಂದೇ ಕೆಲಸಕ್ಕೆ. ಹನ್ನೊಂದು ವರ್ಷದಿಂದ, ಪ್ರತಿ ತಿಂಗಳ ಮೊದಲ ಭಾನುವಾರ, ಗಂಟು ಹಾಕಿದ ಹಗ್ಗ ಹಿಡಿದು ಅವಳು ಸುತ್ತಲಿನ ಹಟ್ಟಿಗಳ ಬಾವಿಗಳಿಗೆ ಹೋಗುತ್ತಿದ್ದಳು. ನೀರು ಎಷ್ಟು ಆಳದಲ್ಲಿದೆ, ಆ ಫ್ಲೋರೈಡ್ ನೀರು ಕುಡಿಯುವ ಎಷ್ಟು ಮಕ್ಕಳ ಹಲ್ಲು ಕಂದಿದೆ, ಎಷ್ಟು ಜನರ ಮೊಣಕಾಲು ಬಾಗಿದೆ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಅವುಗಳಲ್ಲಿ ಒಂದು ಹಟ್ಟಿಯ ಉಚ್ಚಂಗೆಮ್ಮ ಎಂಬ ಹೆಂಗಸಿನ ಮೂವರು ಹೆಣ್ಣುಮಕ್ಕಳು ಅಕ್ಕನ ಶಾಲೆಗೆ ಬರುತ್ತಿದ್ದರಂತೆ. ಮೂವರೂ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಉಚ್ಚಂಗೆಮ್ಮ ನಲವತ್ತಕ್ಕೇ ಕೋಲು ಹಿಡಿದಿದ್ದಳು. "ಆ ಹಟ್ಟಿಗೆ ಬೇರೆ ಕಡೆಯಿಂದ ನೀರು ಬರೋ ತನಕ ನಾನು ಬಿಡಾಕಿಲ್ಲ ಕಸ್ತೂರಿ" ಎಂದು ಅಕ್ಕ ಹೇಳಿದ್ದು ಒಂದು ಸಲವಲ್ಲ.

ಒಬ್ಬ ಅಧಿಕಾರಿ ಕೊನೆಗೆ ಅವಳ ಮಾತಿಗೆ ಕಿವಿಗೊಟ್ಟಿದ್ದರು. ಒಂದೆರಡು ವರ್ಷದ ಲೆಕ್ಕದಿಂದ ಏನೂ ತಿಳಿಯುವುದಿಲ್ಲ, ಹತ್ತು ವರ್ಷದ್ದನ್ನು ಒಂದೇ ಪಟ್ಟಿ ಮಾಡಿ ನವೆಂಬರ್ ಮೂವತ್ತರೊಳಗೆ ಕೊಡಿ, ಮುಂದಿನ ವರ್ಷದ ಕುಡಿಯುವ ನೀರಿನ ಕೆಲಸಗಳಲ್ಲಿ ಆ ಹಟ್ಟಿಯನ್ನು ಸೇರಿಸಲು ನೋಡುತ್ತೇನೆ ಎಂದಿದ್ದರು. ಎಂಬತ್ತೊಂಬತ್ತರ ಬೇಸಿಗೆ ರಜೆಗೆ ಅಕ್ಕ ಹಳೆಯ ನೋಟ್‌ಬುಕ್ಕುಗಳ ಗಂಟು ಹೊತ್ತು ನಮ್ಮ ಮನೆಗೆ ಬಂದಳು. ಬಾಡಿಗೆ ಮನೆಯ ಗೆದ್ದಲು ಅರ್ಧಕ್ಕರ್ಧ ತಿಂದು ಹಾಕಿತ್ತು. ಪುಟ ತಿರುವಿದರೆ ಅಂಕಿಗಳು ಪುಡಿಯಾಗಿ ಉದುರುತ್ತಿದ್ದವು. ಉಳಿದ ತುಂಡು, ತನ್ನ ನೆನಪು, ಎರಡನ್ನೂ ಸೇರಿಸಿ ಐದು ವಾರ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿದಳು. ಅವಳ ನೆನಪು ಅಂಥಾದ್ದು. ಎಂಬತ್ತೆರಡರ ಮಾರ್ಚಿನಲ್ಲಿ ಯಾವ ಬಾವಿ ಎಷ್ಟು ಮೊಳ ಇಳಿದಿತ್ತು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಉಳಿದ ಪುಟದ ಜೊತೆ ತಾಳೆ ನೋಡಿದರೆ ಸರಿಯಿರುತ್ತಿತ್ತು. ಮುಗಿದ ಮೇಲೆ ಆ ಕಾಗದದ ಪುಡಿಯನ್ನು ಅವಳೇ ಹಿತ್ತಲಿನಲ್ಲಿ ಸುಟ್ಟಳು.

ನಮ್ಮ ಯಂತ್ರದೊಳಗೆ ಲೆಕ್ಕ ಉಳಿಸಿಡುವ ಜಾಗ ಇರಲಿಲ್ಲ. ಎಲ್ಲ ಇದ್ದದ್ದು ಎರಡು ಫ್ಲಾಪಿಯಲ್ಲಿ. ಎರಡರಲ್ಲೂ ಅದೇ ಲೆಕ್ಕ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಜಗಳೂರಿನ ಧೂಳು, ಗೆದ್ದಲು ಬೇಡವೆಂದು ಎರಡನ್ನೂ ನನ್ನ ಬೀರುವಿನಲ್ಲೇ ಇಟ್ಟಳು. ಹೊರಡುವ ಮುನ್ನ ಗೋಡೆಗೆ ಒಂದು ಹಾಳೆ ಅಂಟಿಸಿದಳು. ಹೊರಗಿನ ಫ್ಲಾಪಿ ಈ ಯಂತ್ರಕ್ಕೆ ಹಾಕಬಾರದು. ಗೊತ್ತಿಲ್ಲದ ಆಟ, ಚಿತ್ರ ಯಾವುದನ್ನೂ ಓಡಿಸಬಾರದು. ಫ್ಲಾಪಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅದಕ್ಕೆ ಸ್ಟಿಕ್ಕರ್ ಅಂಟಿಸಿದರೆ ಯಂತ್ರ ಆ ಫ್ಲಾಪಿಯನ್ನು ಓದಬಹುದು, ಅದರೊಳಗೆ ಏನನ್ನೂ ಬರೆಯಲಾರದು. ಆದ್ದರಿಂದ ಸ್ಟಿಕ್ಕರ್ ತೆಗೆಯಬಾರದು.

"ನಮ್ಮ ಅತ್ತೆ ಕಾಲದಾಗೂ ಇಷ್ಟು ಮಡಿ ಇರಲಿಲ್ಲ ಬಿಡಕ್ಕ" ಎಂದು ನಾನು ನಕ್ಕೆ.

"ನಗಬೇಡ. ವೈರಸ್ ಅಂತ ಒಂದು ಬಂದೈತಂತೆ. ಒಂದು ಫ್ಲಾಪಿಯಿಂದ ಯಂತ್ರಕ್ಕೆ, ಯಂತ್ರದಿಂದ ಇನ್ನೊಂದು ಫ್ಲಾಪಿಗೆ ಹೋಗ್ತೈತೆ. ಬಂದಿದ್ದು ಕಾಣಂಗಿಲ್ಲ, ಕೇಳಂಗಿಲ್ಲ. ಒಳಗಿದ್ದದ್ದೆಲ್ಲ ಕಲಸಿ ಹಾಕ್ತೈತೆ" ಎಂದಳು ಅಕ್ಕ.

ನಾನು ಓದಿದವಳು. ಅರ್ಥವಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಅರ್ಥವಾಗಿತ್ತು, ನಂಬಿಕೆ ಬಂದಿರಲಿಲ್ಲ ಅಷ್ಟೆ. ಬೀರುವಿಗೆ ಬೀಗ ಹಾಕಿದ್ದೇನೆ, ಮನೆಯೊಳಗೆ ಯಾವ ಕಳ್ಳ ಬರುತ್ತಾನೆ ಎಂಬ ಧೋರಣೆ ನನ್ನದು.

ಅಕ್ಟೋಬರಿನಲ್ಲಿ ಹೊನ್ನಾಳಿಯಿಂದ ಸಿದ್ದಲಿಂಗಮ್ಮ ಬಂದಳು. ಅವಳ ಗಂಡ ನಮ್ಮ ಯಜಮಾನರ ಸ್ನೇಹಿತರು, ಅಕ್ಕಿ ಗಿರಣಿಯವರು. ನಮ್ಮಲ್ಲಿ ನೋಡಿ ಅವರೂ ಒಂದು ಕಂಪ್ಯೂಟರ್ ತಂದಿದ್ದರು. ಸಿದ್ದಲಿಂಗಮ್ಮ ಎಲೆ ಅಡಿಕೆ, ಹಣ್ಣಿನ ಜೊತೆ ಒಂದು ಫ್ಲಾಪಿಯನ್ನೂ ಚೀಲದಿಂದ ತೆಗೆದಳು.

"ಕಸ್ತೂರಕ್ಕ, ಇದ್ರಾಗೆ ರಂಗೋಲಿ ಐತೆ ಕಣ್ರೀ. ಎಷ್ಟು ಚುಕ್ಕಿ ಅಂತ ಒತ್ತಿದ್ರೆ ಸಾಕು, ತಾನೇ ಬರೀತೈತೆ! ನಿಮಗೆ ತೋರ್ಸಾಕೆ ಅಂತಾನೇ ತಂದೀನಿ."

ನಾನು ಗೋಡೆಯ ಕಡೆ ನೋಡಿದೆ. ಸಿದ್ದಲಿಂಗಮ್ಮನೂ ನೋಡಿದಳು. ಮನೆಗೆ ಬಂದ ಹೆಂಗಸು ಪ್ರೀತಿಯಿಂದ ತಂದದ್ದನ್ನು, ನಿಮ್ಮದಕ್ಕೆ ರೋಗವಿರಬಹುದು ಎಂದು ಹೇಗೆ ತಳ್ಳುವುದು? ತಳ್ಳಲಿಲ್ಲ. ಫ್ಲಾಪಿ ಹಾಕಿದೆ. ಕಪ್ಪು ಪರದೆಯ ಮೇಲೆ ಚುಕ್ಕಿ ಮೂಡಿ, ಗೆರೆ ಸುತ್ತಿಕೊಂಡು, ಹದಿನೈದು ಚುಕ್ಕಿಯ ರಂಗೋಲಿ ತಾನಾಗಿ ಅರಳಿತು. ನಾವಿಬ್ಬರೂ ಹುಡುಗಿಯರ ಹಾಗೆ ಚಪ್ಪಾಳೆ ತಟ್ಟಿದೆವು. ಅದನ್ನು ನನ್ನದೊಂದು ಫ್ಲಾಪಿಗೆ ಇಳಿಸಿಕೊಂಡೆ.

ನವೆಂಬರ್ ಎರಡನೇ ವಾರ ಅಕ್ಕನ ಕಾಗದ ಬಂತು. ನಿಮ್ಮ ಮನೆಯ ಪ್ರಿಂಟರಿನಲ್ಲಿ ಪಟ್ಟಿಯನ್ನು ಅಚ್ಚು ಹಾಕಿ ಕಳಿಸು ಎಂದು. ಹಾಕಲು ಹೋದರೆ ರಿಬ್ಬನ್ ಒಣಗಿ ಹೋಗಿತ್ತು. ಶಿವಮೊಗ್ಗದಿಂದ ತರಿಸಿರಿ ಎಂದು ಯಜಮಾನರಿಗೆ ಹೇಳಿದೆ. "ನಾಳೆ" ಎಂದರು. ಅವರ ನಾಳೆಗೆ ಕಾದು ಒಂದು ವಾರ ಕಳೆಯಿತು. ಅಷ್ಟರಲ್ಲಿ ಅಕ್ಕ ಟ್ರಂಕ್ ಕಾಲ್ ಮಾಡಿ, "ಬೇಡ ಬಿಡು, ದಾವಣಗೆರೆಯಾಗೇ ಹಾಕಿಸ್ಕೊಂತೀನಿ. ಎರಡೂ ಫ್ಲಾಪಿ ಕಳಿಸು. ಒಂದು ಅಚ್ಚು ಹಾಕಾಕೆ, ಒಂದು ಆಫೀಸಿಗೆ ಕೊಡಾಕೆ" ಎಂದಳು. ದಾವಣಗೆರೆಗೆ ಹೋಗುತ್ತಿದ್ದ ನಮ್ಮ ಮಂಡಿಯ ರಂಗಣ್ಣನ ಕೈಯಲ್ಲಿ ಕಳಿಸುವುದು ಎಂದಾಯಿತು.

ಇಲ್ಲಿ ನನ್ನ ತಪ್ಪನ್ನು ಸರಿಯಾಗಿ ಹೇಳಬೇಕು. ನಮ್ಮಲ್ಲಿ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ಹೋಳಿಗೆ ಬಂದ ಡಬ್ಬಿಯಲ್ಲಿ ಏನಾದರೂ ಇಟ್ಟೇ ಕಳಿಸಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಸರಿ. ಅವ್ವ ನಮಗೆ ನಡೆಯಲು ಕಲಿಸುವಾಗಲೇ ಇದನ್ನೂ ಕಲಿಸಿದ್ದಳು. ಅಕ್ಕ ಹೇಳಿದ ಒಂದು ಕೆಲಸ ನನ್ನಿಂದ ಆಗಿರಲಿಲ್ಲ. ಅಚ್ಚೂ ಇಲ್ಲ, ಏನೂ ಇಲ್ಲ, ಅವಳದನ್ನು ಅವಳಿಗೇ ಬರಿದಾಗಿ ವಾಪಸ್ಸು ಕಳಿಸುವುದು ನನಗೆ ಒಗ್ಗಲಿಲ್ಲ. ರಂಗೋಲಿ ಹಾಕಿ ಕಳಿಸೋಣ, ದಾವಣಗೆರೆಯಲ್ಲಿ ನೋಡಿ ನಗಲಿ ಎನ್ನಿಸಿತು. ಫ್ಲಾಪಿಯಲ್ಲಿ ಜಾಗವಿತ್ತು. ಯಂತ್ರ ಮಾತ್ರ, ಬರೆಯಲು ಬರುವುದಿಲ್ಲ ಎಂದಿತು. ನಾನು ಸ್ಟಿಕ್ಕರ್ ಕಿತ್ತೆ.

ಎರಡು ಡಬ್ಬಿ ಬಂದಿದ್ದರೆ ಒಂದರಲ್ಲಿ ಹಾಕಿ ಇನ್ನೊಂದನ್ನು ಖಾಲಿ ಬಿಡುತ್ತೇವೆಯೇ? ಎರಡನೆಯ ಫ್ಲಾಪಿಯ ಸ್ಟಿಕ್ಕರನ್ನೂ ಕಿತ್ತೆ. ಎರಡಕ್ಕೂ ರಂಗೋಲಿ ಇಳಿಸಿ, ಸ್ಟಿಕ್ಕರುಗಳನ್ನು ಮೊದಲಿನಂತೆಯೇ ಅಂಟಿಸಿ, ಉಗುರಿನಿಂದ ತೀಡಿ ಸಮ ಮಾಡಿದೆ. ಎಷ್ಟು ಒಪ್ಪವಾಗಿ ಅಂಟಿಸಿದ್ದೆನೆಂದರೆ ಕಿತ್ತದ್ದು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಇಪ್ಪತ್ತೇಳನೇ ತಾರೀಖು ಮಧ್ಯಾಹ್ನ ದಾವಣಗೆರೆಯಿಂದ ಫೋನ್ ಬಂತು. ಅಕ್ಕನ ಧ್ವನಿ ನನಗೆ ಗುರುತೇ ಸಿಗಲಿಲ್ಲ.

"ಕಸ್ತೂರಿ, ಎರಡರಾಗೂ ಏನೂ ಇಲ್ಲ. ಬರೀ ಹುಚ್ಚುಚ್ಚಾರ ಅಕ್ಷರ ಬರ್ತಾವೆ. ವೈರಸ್ ಅಂತಾರೆ ಇಲ್ಲಿಯವರು. ಒಂದು ಬಾವಿದೂ ಉಳಿದಿಲ್ಲ."

ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು: "ಸ್ಟಿಕ್ಕರ್ ಅಂಟಿಸಿದಂಗೇ ಐತೆ. ಅಂಟಿಸಿದ ಮೇಲೆ ಬರಾಕೆ ಸಾಧ್ಯ ಇಲ್ಲವಂತೆ. ಅದಕ್ಕೂ ಮುಂಚೇನೇ ಬಂದೈತೆ. ಬೇಸಿಗ್ಯಾಗೆ ನಾನೇ ಇಲ್ಲಿಂದ ಯಾವುದೋ ಫ್ಲಾಪಿ ತಂದು ಹಾಕಿರ್ಬೇಕು. ನೆನಪಾಗ್ತಿಲ್ಲ. ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ತಿಲ್ಲ."

ಅವಳಿಗೆ ನೆನಪಾಗದಿದ್ದದ್ದು, ಅದು ನಡೆದೇ ಇರಲಿಲ್ಲವಾದ್ದರಿಂದ. ಅದನ್ನು ಹೇಳಬೇಕಾಗಿತ್ತು, ಆ ಕ್ಷಣವೇ. "ಅಯ್ಯೋ ಅಕ್ಕ" ಎಂದೆ. ಅಷ್ಟೇ ಹೇಳಿದೆ. ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದು ಫೋನ್ ಕಡಿದುಹೋಯಿತು.

ಸಂಜೆ ನನ್ನ ಫ್ಲಾಪಿಗಳನ್ನು ಹಾಕಿ ನೋಡಿದೆ. ನಾಲ್ಕರಲ್ಲಿ ಮೂರು ಕೆಟ್ಟಿದ್ದವು. ಸಿದ್ದಲಿಂಗಮ್ಮನಿಗೆ ಫೋನ್ ಮಾಡಿದರೆ, "ನಮ್ದೂ ಹದಿನೈದು ದಿನದಿಂದ ಹಿಂಗೇ ಆಡ್ತೈತೆ ಕಣ್ರೀ, ಕರೆಂಟಿಂದು ಇರ್ಬೇಕು" ಎಂದಳು. ಅವಳ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂತು. ಯಾಕೆ ಬಂತೋ! ಅವಳ ಮನೆಯ ಗೋಡೆಯಲ್ಲಿ ಅಂಥ ಹಾಳೆ ಇರಲಿಲ್ಲ. ನನ್ನ ಮನೆಯಲ್ಲಿ ಇತ್ತು.

ಮೂವತ್ತನೇ ತಾರೀಖು ದಾಟಿತು. ಅಧಿಕಾರಿ ಒಳ್ಳೆಯವರೇ, ಎರಡು ದಿನ ಹೆಚ್ಚಿಗೆ ಕಾದರಂತೆ. ಪಟ್ಟಿ ಇಲ್ಲದೆ ಅವರು ತಾನೇ ಏನು ಮಾಡಿಯಾರು? ಹಟ್ಟಿಯ ಹೆಸರು ಸೇರಲಿಲ್ಲ.

ಡಿಸೆಂಬರ್ ಕೊನೆಯ ಭಾನುವಾರ ನಾನು ಜಗಳೂರಿಗೆ ಹೋದೆ. ಹೇಳಿಬಿಡಲೆಂದೇ ಹೋದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಳ್ಳುತ್ತಾ ಹೋದೆ. ಅಕ್ಕ ಬೈಯುತ್ತಾಳೆ, ಒಂದು ವರ್ಷ ಮಾತು ಬಿಡುತ್ತಾಳೆ, ಬಿಡಲಿ ಎಂದುಕೊಂಡೆ.

ಹೋಗಿ ನೋಡಿದರೆ ಮನೆ ತುಂಬ ಚೀಟಿ. ಹಾಲಿನವಳಿಗೆ ಹೇಳಿದ್ದು ಒಂದು ಚೀಟಿಯಲ್ಲಿ, ಸ್ಟೋವ್ ಆರಿಸಿದ್ದು ಇನ್ನೊಂದರಲ್ಲಿ, ಸಮಯದ ಸಮೇತ. ಅಂಗಡಿಗೆಂದು ಇಬ್ಬರೂ ಹೊರಟೆವು. ಬೀಗ ಹಾಕಿ ಎಳೆದು ನೋಡಿದಳು, ನಾಲ್ಕು ಹೆಜ್ಜೆ ನಡೆದು ತಿರುಗಿ ಹೋಗಿ ಮತ್ತೆ ಎಳೆದು ನೋಡಿದಳು. ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಬರೆದ ಲೆಕ್ಕವನ್ನು ಬೇರೆ ಟೀಚರ್ ಒಬ್ಬರನ್ನು ಕರೆದು ತೋರಿಸುತ್ತಾಳಂತೆ, ನಗುತ್ತಲೇ ಹೇಳಿದಳು. ಹನ್ನೊಂದು ವರ್ಷದ ಅಂಕಿ ಬಾಯಲ್ಲೇ ಇಟ್ಟುಕೊಂಡಿದ್ದ ನನ್ನ ಅಕ್ಕ.

ಊಟವಾದ ಮೇಲೆ ಪಡಸಾಲೆಯಲ್ಲಿ ಕೂತಿದ್ದೆವು. ನಾನು "ಅಕ್ಕ, ಆ ಫ್ಲಾಪಿ" ಎಂದು ಶುರು ಮಾಡಿದೆ.

"ಅದನ್ನೇ ಕೇಳ್ಬೇಕಂತಿದ್ದೆ" ಎಂದು ನಡುವೆಯೇ ತಡೆದಳು. "ನೀನು ಸಣ್ಣಾಕಿಯಿಂದ ನನ್ನ ನೋಡೀಯ. ನಿಜ ಹೇಳು. ನಾನು ಈಗೀಗ ಮರೆಯಾಕೆ ಹತ್ತೀನಾ? ಬೇರೆ ಯಾರಿಗೂ ಕೇಳಾಕೆ ಆಗಂಗಿಲ್ಲ ನೋಡು."

ಅವಳ ಮುಖ ನನ್ನ ಕಡೆಗೇ ಇತ್ತು. ನನ್ನ ಬಾಯಲ್ಲಿ ಸರಿಯಾದ ಮಾತು ಸಿದ್ಧವಾಗಿಯೇ ಇತ್ತು, ಚನ್ನಗಿರಿಯಿಂದ ಹೊತ್ತು ತಂದದ್ದು. ಅದನ್ನು ಹೇಳಿದರೆ ಈ ಮುಖ ಹೇಗಾಗುತ್ತದೆ ಎಂದು ಹೆದರಿದೆ. ಅವಳ ಮುಖದ ಚಿಂತೆಯಲ್ಲ, ನನ್ನ ಮುಖದ ಚಿಂತೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

"ವಯಸ್ಸಾದಂಗೆಲ್ಲ ಸ್ವಲ್ಪ ಇರ್ತೈತೆ ಬಿಡಕ್ಕ" ಎಂದೆ.

ಅಕ್ಕ ತಲೆಯಾಡಿಸಿದಳು. ಆಗ ಅವಳಿಗೆ ನಲವತ್ತೊಂಬತ್ತು ವರ್ಷ. "ಹಂಗಾದ್ರೆ ಇನ್ನು ಬಾವಿ ಲೆಕ್ಕ ನಾನು ಬರೆಯೋದು ಬೇಡ. ತಪ್ಪು ಬರೆದು ಕೊಟ್ರೆ ಆ ಮಕ್ಕಳಿಗೆ ಮೋಸ ಆಕೈತೆ" ಎಂದು ಎದ್ದು ಒಳಗೆ ಹೋದಳು. ಆ ಲೆಕ್ಕ ಬರೆಯಲು ಅವಳ ನಂತರ ಯಾರೂ ಬರಲಿಲ್ಲ.